ಕೆಮ್ಮಣ್ಣುಗುಂಡಿಯ ಇಕ್ಕಟ್ಟಾದ ದಾರಿ

ಕೆಮ್ಮಣ್ಣುಗುಂಡಿಗೆ ಹೋಗಿಬಂದವರನ್ನು ಮಾತನಾಡಿಸಿದರೆ ಅವರು ಮೊದಲು ಹೇಳುವುದು ಅಲ್ಲಿಯ ಹೂದೋಟದ ಸಂಗತಿಯನ್ನಲ್ಲ, ತಂಗಾಳಿಯ ಸಂಗತಿಯನ್ನೂ ಅಲ್ಲ, ದಾರಿಯ ಸಂಗತಿಯನ್ನು. “ಅಬ್ಬಾ, ಎಂಥ ಇಕ್ಕಟ್ಟು! ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಎದುರಿಗೆ ಇನ್ನೊಂದು ಗಾಡಿ ಬಂದಿತೆಂದರೆ ಕುಲದೇವರನ್ನು ನೆನೆಯಬೇಕು. ಸರಕಾರದವರು ಈ ದಾರಿಯನ್ನು ಅಗಲಮಾಡಬಾರದೆ?” ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದದ್ದೆಂದೇ ಮೇಲುನೋಟಕ್ಕೆ ತೋರುತ್ತದೆ. ಆದರೆ ಆ ಬೆಟ್ಟವನ್ನು ಹತ್ತಿ, ಎರಡು ದಿನವಿದ್ದು, ಅದರ ಮೈಯನ್ನು ಕಣ್ಣಾರೆ ನೋಡಿದ ಮೇಲೆ, ಆ ದಾರಿ ಇಕ್ಕಟ್ಟಾಗಿರುವುದೇ ಬೆಟ್ಟಕ್ಕೂ ನಮಗೂ ಲೇಸೆಂದು ನಮಗೆ ಮನದಟ್ಟಾಯಿತು. ಅದು ಹೇಗೆಂಬುದನ್ನು ಓದುಗರೊಡನೆ ವಿಚಾರಮಾಡುವುದಕ್ಕಾಗಿ ಈ ನಾಲ್ಕು ಮಾತು.

ಕೆಮ್ಮಣ್ಣುಗುಂಡಿಯಿರುವುದು ಚಿಕ್ಕಮಗಳೂರು ಜಿಲ್ಲೆಯ ತರೀಕೆರೆ ತಾಲ್ಲೂಕಿನಲ್ಲಿ. ಬೆಂಗಳೂರಿನ ಕಡೆಯಿಂದ ಬರುವವರು ಶಿವಮೊಗ್ಗದ ರೈಲಿನಲ್ಲಿ ಕುಳಿತು ಕಡೂರು, ಬೀರೂರುಗಳನ್ನು ದಾಟಿ ತರೀಕೆರೆಯಲ್ಲಿ ಇಳಿಯಬಹುದು. ಅಲ್ಲಿಂದ ಲಿಂಗದಹಳ್ಳಿಯವರೆಗೆ ದಾರಿ ಬಹುಮಟ್ಟಿಗೆ ಸಮನಾಗಿದೆ. ಅಡಕೆ ತೋಟ, ತೆಂಗಿನ ತೋಟ, ನಡುನಡುವೆ ಒಣಭೂಮಿ. ಬಯಲುಸೀಮೆಯೂ ಮಲೆನಾಡೂ ಇಲ್ಲಿ ಒಂದರ ಕೈಯನ್ನೊಂದು ಹಿಡಿದುಕೊಂಡಿರುವಂತೆ ಕಾಣುತ್ತವೆ. ಪಡುವಣ ದಿಕ್ಕಿನಲ್ಲಿ ನೀಲಿಯ ಗೋಡೆಯಂತೆ ನಿಂತಿರುವುದೇ ಚಂದ್ರದ್ರೋಣ ಪರ್ವತ. ಇದನ್ನೇ ಬಾಬಾಬುಡನ್ ಗಿರಿಶ್ರೇಣಿ ಎಂದೂ ಕರೆಯುವುದುಂಟು. ಅರ್ಧಚಂದ್ರದ ಆಕಾರದಲ್ಲಿ ಬಾಗಿ ನಿಂತು, ತನ್ನ ಮಡಿಲಿನಲ್ಲಿ ಜಾಗರ ಕಣಿವೆಯನ್ನು ಇರಿಸಿಕೊಂಡಿರುವುದರಿಂದ ಈ ಹೆಸರು ಅದಕ್ಕೆ ಬಹಳ ಒಪ್ಪುತ್ತದೆ. ಕರ್ನಾಟಕದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿ ಈ ಶ್ರೇಣಿಗೇ ಸೇರಿದ್ದು; ಅದರ ಎತ್ತರ 6,300 ಅಡಿಗೂ ಮಿಗಿಲು. ಕೆಮ್ಮಣ್ಣುಗುಂಡಿ ಅಷ್ಟು ಎತ್ತರವಲ್ಲ. ಸುಮಾರು 4,700 ಅಡಿ.

ಬೆಟ್ಟದ ಬುಡದಲ್ಲಿ ಕಲ್ಲತ್ತಿಗಿರಿಯ ಜಲಪಾತವಿದೆ. ಮೇಲೇರತಕ್ಕವರು ಇಲ್ಲಿ ಒಂದು ಗಳಿಗೆ ನಿಲ್ಲದೆ ಹೋಗಬಾರದು. 400 ಅಡಿಯಷ್ಟು ಮೇಲಿನಿಂದ ನೀರು ಬಂಡೆಯಿಂದ ಬಂಡೆಗೆ ಹಾರುತ್ತ ಇಳಿದು ವೀರಭದ್ರಸ್ವಾಮಿಯ ಗುಡಿಯ ಮುಂದೆಯೇ ಹರಿಯುತ್ತದೆ. ಗುಡಿ ವಿಜಯನಗರದ ಕಾಲದ್ದು. ಮುಂದೆ ಕಲ್ಲಿನ ಆನೆಗಳು ನೀರಿನಲ್ಲಿ ನೆನೆಯುತ್ತ ನಿಂತಿವೆ. ಈ ಗುಡಿಯನ್ನು ಕಟ್ಟಿದವರು ಬಂಡೆಯನ್ನು ಒಡೆದು ಜಾಗ ಮಾಡಿಕೊಳ್ಳಲಿಲ್ಲ. ಬಂಡೆಗಳ ನಡುವೆ ಇದ್ದ ಸಂದಿನಲ್ಲಿಯೇ ದೇವರನ್ನಿಟ್ಟು, ಅದಕ್ಕೆ ಹೊಂದುವಂತೆ ಗೋಡೆಯೆತ್ತಿದ್ದಾರೆ. ದರ್ಶನಕ್ಕೆ ಹೋಗತಕ್ಕವರು ನೀರನ್ನು ಹಾಯ್ದೇ ಹೋಗಬೇಕು. ನಮ್ಮ ಜೊತೆಯಲ್ಲಿದ್ದ ಅಕ್ಕ ಸೀರೆಯ ನೆರಿಗೆಯನ್ನು ಎತ್ತಿ ಹಿಡಿದು, “ದೇವರು ಇಲ್ಲಿ ಮೊದಲು ಕಾಲು ತೊಳೆಸಿಕೊಂಡೇ ಒಳಕ್ಕೆ ಬಿಡುತ್ತಾನೆ” ಎಂದು ನಕ್ಕಳು.

ಕಲ್ಲತ್ತಿಗಿರಿಯಿಂದ ಮೇಲಕ್ಕೆ ಸುಮಾರು ಆರು ಮೈಲಿ ಘಾಟಿ. ದಾರಿ ಬೆಟ್ಟದ ಪಕ್ಕೆಯನ್ನು ತಬ್ಬಿಕೊಂಡು, ತಿರುವಿನ ಮೇಲೆ ತಿರುವಾಗಿ ಏರುತ್ತ ಹೋಗುತ್ತದೆ. ಬಲಕ್ಕೋ ಎಡಕ್ಕೋ ಕಡಿದ ಬಂಡೆ. ಅದರ ಮೇಲೆ ಹಾವಸೆ, ಜರೀಗಿಡ, ಎಲ್ಲಿಂದಲೋ ಜಿನುಗುವ ನೀರು. ಕೆಲವು ಕಡೆ ಎರಡೂ ಪಕ್ಕದ ಮರಗಳು ಮೇಲೆ ಕೂಡಿಕೊಂಡು, ಹಗಲಿನಲ್ಲೇ ಸುರಂಗವನ್ನು ಹೊಕ್ಕಂತೆ ಕತ್ತಲಾಗುತ್ತದೆ. ಮಂಜು ಇಳಿದಾಗಲಂತೂ ಹತ್ತು ಮಾರು ಮುಂದಿನದೂ ಕಾಣದು. ನಾವು ಹತ್ತಿದ ಬಾಡಿಗೆಯ ಜೀಪಿನ ಚಾಲಕ ನಡುವಯಸ್ಸು ದಾಟಿದ ಮನುಷ್ಯ. ಒಂದು ತಿರುವಿನಲ್ಲಿ ಮೇಲಿನಿಂದ ಇಳಿಯುತ್ತಿದ್ದ ದೊಡ್ಡ ಕಾರೊಂದು ನಮಗೆ ಎದುರಾಯಿತು. ನಮ್ಮವನು ಹಾರನ್ನು ಒತ್ತಲಿಲ್ಲ; ಸುಮ್ಮನೆ ನಿಂತ. ಕಾರಿನವನು ಸ್ವಲ್ಪ ಹೊತ್ತು ಗೊಣಗಿ, ಆಮೇಲೆ ಹಿಂದಕ್ಕೆ ಸರಿದು, ಅಗಲವಾದ ಜಾಗ ನೋಡಿ ಬದಿಗೆ ನಿಲ್ಲಿಸಿದ.

“ಅವನು ನಿಮಗೆ ದಾರಿ ಬಿಟ್ಟನಲ್ಲ, ಏಕೆ?” ಎಂದು ನಮ್ಮ ಹುಡುಗ ಕೇಳಿದ.

“ಬಿಡಲೇಬೇಕಪ್ಪ. ಇಳಿಯೋ ಗಾಡಿ ಹತ್ತೋ ಗಾಡೀಗೆ ದಾರಿ ಕೊಡಬೇಕು, ಅದು ಘಾಟಿಯ ಕಟ್ಟಲೆ. ಹತ್ತೋನಿಗೆ ಭಾರ ಜಾಸ್ತಿ. ನಿಂತರೆ ಮತ್ತೆ ಎಳೆಯೋದು ಕಷ್ಟ. ಇಳಿಯೋನಿಗೇನು, ಬೆಟ್ಟವೇ ತಳ್ಳಿಕೊಡುತ್ತೆ” ಎಂದ ಚಾಲಕ.

ಇದು ಆ ಮನುಷ್ಯನ ಸ್ವಂತ ಮಾತಲ್ಲ. ಕಾನೂನಿನಲ್ಲಿಯೂ ಇರುವ ನಿಯಮ. ಆದರೆ ಅಗಲವಾದ ಹೆದ್ದಾರಿಯಲ್ಲಿ ಇದರ ಅಗತ್ಯವೇ ಬೀಳುವುದಿಲ್ಲ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡದೆ ಓಡಬಹುದು. ಇಕ್ಕಟ್ಟಾದ ದಾರಿಯಲ್ಲಿ ಒಬ್ಬರನ್ನೊಬ್ಬರು ನೋಡಲೇಬೇಕು, ಒಬ್ಬರು ನಿಲ್ಲಲೇಬೇಕು. ಅಷ್ಟರಮಟ್ಟಿಗೆ ಈ ದಾರಿ ಮರ್ಯಾದೆಯನ್ನು ಕಲಿಸುವ ಪಾಠಶಾಲೆ.

ಮೇಲೇರಿದಂತೆ ಮಣ್ಣಿನ ಬಣ್ಣ ಕೆಂಪಾಗುತ್ತದೆ. ಕೆಂಪು ಎಂದರೆ ಹೊಲದಲ್ಲಿ ಕಾಣುವ ಸಾಮಾನ್ಯವಾದ ಕೆಂಪಲ್ಲ. ಕುಂಕುಮವನ್ನು ನೀರಿನಲ್ಲಿ ಕಲಸಿ ಚೆಲ್ಲಿದಂತಹ ಕೆಂಪು. ಕೆಮ್ಮಣ್ಣುಗುಂಡಿ ಎಂಬ ಹೆಸರನ್ನು ಬಿಡಿಸಿದರೆ ಕೆಂಪಾದ ಮಣ್ಣಿನ ಗುಂಡಿ ಎಂದೇ ಅರ್ಥ. ಈ ಬಣ್ಣಕ್ಕೆ ಕಾರಣ ಕಬ್ಬಿಣ. ಬಾಬಾಬುಡನ್ ಶ್ರೇಣಿಯ ನೆತ್ತಿಯಲ್ಲಿ ಕಬ್ಬಿಣದ ಅದಿರಿನ ಪದರಗಳೂ ಬಿಳಿಗಲ್ಲಿನ ಪದರಗಳೂ ಒಂದರಮೇಲೊಂದು ಪಟ್ಟೆಪಟ್ಟೆಯಾಗಿ ಕೂಡಿಕೊಂಡಿವೆ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಇವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಅಂದರೆ, ಇವು ನೀರಿನ ತಳದಲ್ಲಿ ಪದರಗಟ್ಟಿದ ಕಾಲಕ್ಕೆ ಭೂಮಿಯ ಮೇಲೆ ಮರವಿರಲಿಲ್ಲ, ಹುಲ್ಲಿರಲಿಲ್ಲ, ಹಕ್ಕಿಯಿರಲಿಲ್ಲ.

ಈ ಅದಿರಿಗೂ ಭದ್ರಾವತಿಗೂ ಇದ್ದ ನಂಟು ದೊಡ್ಡದು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಹಂಬಲದಿಂದ ಹುಟ್ಟಿದ ಕಬ್ಬಿಣದ ಕಾರ್ಖಾನೆಯ ಕುಲುಮೆ 1923ನೆಯ ಇಸವಿಯ ಜನವರಿಯಲ್ಲಿ ಹೊತ್ತಿಕೊಂಡಿತು. ಕಾರ್ಖಾನೆಯ ಮೊದಲ ಹೆಸರು ‘ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್’ ಎಂದು. ಮೈಸೂರು ಸೀಮೆಯಲ್ಲಿ ಕಲ್ಲಿದ್ದಲು ಇಲ್ಲದಿದ್ದುದರಿಂದ ಕಾಡಿನ ಮರವನ್ನು ಇದ್ದಲಾಗಿ ಸುಟ್ಟು, ಅದರ ಕಾವಿನಲ್ಲಿ ಅದಿರನ್ನು ಕರಗಿಸುತ್ತಿದ್ದರು. ಹೀಗೆ ಬೆಟ್ಟದ ಕೆಂಪೂ ಕಣಿವೆಯ ಹಸುರೂ ಒಂದೇ ಕುಲುಮೆಯಲ್ಲಿ ಕೂಡಿ ಕಬ್ಬಿಣವಾದವು. ಸಾವಿರಾರು ಮನೆಗಳಿಗೆ ಅದರಿಂದ ಅನ್ನ ಹುಟ್ಟಿತು. ಆ ಉಪಕಾರವನ್ನು ಮರೆಯತಕ್ಕದ್ದಲ್ಲ. ಅದಕ್ಕಾಗಿ ಬೆಟ್ಟವೂ ಕಾಡೂ ತೆತ್ತದ್ದನ್ನೂ ಮರೆಯತಕ್ಕದ್ದಲ್ಲ.

ಆದರೆ ಈ ಅದಿರು ಬೆಟ್ಟದಿಂದ ಇಳಿದುದು ಹೇಗೆ? ನಾವು ಹತ್ತಿದಂತಹ ದಾರಿಯಲ್ಲಿ ಅಲ್ಲ. ಕೆಮ್ಮಣ್ಣುಗುಂಡಿಯಿಂದ ಬುಡದಲ್ಲಿರುವ ತಣಿಗೆಬೈಲಿಗೆ ಕಣಿವೆಯ ಮೇಲೆ ಉಕ್ಕಿನ ಹಗ್ಗವನ್ನು ಬಿಗಿದು, ಅದಕ್ಕೆ ತೊಟ್ಟಿಗಳನ್ನು ತೂಗುಹಾಕಿ, ಅದಿರನ್ನು ಆಕಾಶಮಾರ್ಗವಾಗಿ ಇಳಿಸುತ್ತಿದ್ದರು. ಅಲ್ಲಿಂದ ಮುಂದಕ್ಕೆ ಸಣ್ಣ ಹಳಿಯ ಟ್ರಾಮ್ ಗಾಡಿ. ಇಂತಹ ಹಗ್ಗದಾರಿಗಳಲ್ಲಿ ತುಂಬಿದ ತೊಟ್ಟಿ ಇಳಿಯುವ ಭಾರವೇ ಬರಿದಾದ ತೊಟ್ಟಿಯನ್ನು ಮೇಲಕ್ಕೆಳೆಯಲು ನೆರವಾಗುವುದುಂಟು. ನಮ್ಮ ಚಾಲಕ ಹೇಳಿದ ಘಾಟಿಯ ಕಟ್ಟಲೆಯೇ ಇದು. ಇಳಿಯುವವನು ಹತ್ತುವವನಿಗೆ ಒತ್ತಾಸೆ. ಅಷ್ಟೊಂದು ಅದಿರನ್ನು ಗಾಡಿಗಳ ಮೇಲೆ ಸಾಗಿಸಹೊರಟಿದ್ದರೆ ಎಷ್ಟು ಅಗಲದ ದಾರಿ ಬೇಕಾಗುತ್ತಿತ್ತು, ಅದಕ್ಕಾಗಿ ಬೆಟ್ಟದ ಪಕ್ಕೆಯನ್ನು ಎಷ್ಟು ಕಡಿಯಬೇಕಾಗುತ್ತಿತ್ತು, ಯೋಚಿಸಿರಿ. ಗಣಿಯ ಕೆಲಸ ಈಗ ನಿಂತುಹೋಗಿದೆ. ಅಗೆದ ಕಡೆ ಬೆಟ್ಟದ ಮೈ ಮೆಟ್ಟಲು ಮೆಟ್ಟಲಾಗಿ ಗಾಯದಂತೆ ಉಳಿದಿದೆ. ಆ ಗಾಯ ಮಾಯುವುದಕ್ಕೆ ಎಷ್ಟು ತಲೆಮಾರು ಬೇಕೋ!

ಗಿರಿಧಾಮವಾಗಿ ಕೆಮ್ಮಣ್ಣುಗುಂಡಿಯನ್ನು ಬೆಳಸಿದ ಕೀರ್ತಿ ನಾಲ್ವಡಿ ಕೃಷ್ಣರಾಜ ಒಡೆಯರವರದು. ಬೇಸಗೆಯಲ್ಲಿ ಅವರು ಇಲ್ಲಿ ಬಂದು ತಂಗುತ್ತಿದ್ದರು. ಅವರ ನೆನಪಿಗಾಗಿ ಇದಕ್ಕೆ ಶ್ರೀ ಕೃಷ್ಣರಾಜೇಂದ್ರ ಗಿರಿಧಾಮವೆಂದು ಹೆಸರು. ತೋಟಗಾರಿಕೆಯ ಇಲಾಖೆ ಬಹುಕಾಲ ಆದರದಿಂದ ಬೆಳಸಿದ ಹೂದೋಟ ಇಲ್ಲಿಯ ದೊಡ್ಡ ಆಕರ್ಷಣೆ. ಸಂಜೆಯ ಹೊತ್ತು ರಾಜಭವನದ ಮುಂದೆ ಕುಳಿತರೆ, ಕೆಳಗಿನ ಬಯಲಿನ ಊರುಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುವುದು ಕಾಣುತ್ತದೆ. ಆಕಾಶ ನಮ್ಮ ಕಾಲಕೆಳಗೂ ಇದೆಯೋ ಎಂಬ ಭ್ರಾಂತಿಯುಂಟಾಗುತ್ತದೆ.

ಮರುದಿನ ಬೆಳಗ್ಗೆ ನಾವು ಹೋದದ್ದು ಜೆಡ್ ಪಾಯಿಂಟ್ ಎಂಬ ಶಿಖರಕ್ಕೆ. ರಾಜಭವನದ ಕಡೆಯಿಂದ ಕಾಲುದಾರಿಯಲ್ಲಿ ಮುಕ್ಕಾಲು ಗಂಟೆ, ಒಂದು ಗಂಟೆಯ ನಡಿಗೆ. ಇದರ ಮುಂದೆ ಘಾಟಿಯ ರಸ್ತೆ ರಾಜಮಾರ್ಗ! ಒಂದು ಕಡೆ ಬಂಡೆಯ ಗೋಡೆ ಭುಜಕ್ಕೆ ತಾಗುತ್ತದೆ. ಇನ್ನೊಂದು ಕಡೆ ಹುಲ್ಲಿನ ಇಳಿಜಾರು ಕಣ್ಣಿಗೆ ನಿಲುಕದ ಆಳಕ್ಕೆ ಜಾರಿಹೋಗುತ್ತದೆ. ಇಬ್ಬರು ಜೊತೆಯಾಗಿ ನಡೆಯುವಂತಿಲ್ಲ. ಒಬ್ಬರ ಹಿಂದೆ ಒಬ್ಬರು. ಮಾತು ತಾನಾಗಿಯೇ ನಿಲ್ಲುತ್ತದೆ. ದಾರಿಯಲ್ಲಿ ಶಾಂತಿ ಜಲಪಾತವೆಂಬ ಪುಟ್ಟ ಝರಿ ಬಂಡೆಯ ಮೇಲಿನಿಂದ ದಾರಿಹೋಕರ ತಲೆಗೇ ಪ್ರೋಕ್ಷಣೆ ಮಾಡುವಂತೆ ಇಳಿಯುತ್ತದೆ. ಕೊನೆಗೆ ತುದಿಯನ್ನು ಮುಟ್ಟಿದಾಗ, ಸುತ್ತಲೂ ಹುಲ್ಲಿನ ಬೆಟ್ಟಗಳ ಅಲೆಗಳು. ಅವುಗಳ ಮಡಿಕೆಗಳಲ್ಲಿ ಮಾತ್ರ ದಟ್ಟವಾದ, ಕುಳ್ಳಾದ ಕಾಡು. ಶೋಲಾ ಎಂದು ಕರೆಯುವ ಈ ಕಾಡೂ ಅದರ ಸುತ್ತಲ ಹುಲ್ಲೂ ಮಳೆಯ ನೀರನ್ನು ಸ್ಪಂಜಿನಂತೆ ಹೀರಿ, ಮಳೆಗಾಲ ಕಳೆದ ಮೇಲೂ ತೊಟ್ಟುತೊಟ್ಟಾಗಿ ಬಿಟ್ಟುಕೊಡುತ್ತವೆ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಿ ಕುರಿಂಜಿಯೂ ಈ ಇಳಿಜಾರುಗಳಲ್ಲಿದೆ.

ಈ ನೀರಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಶ್ರೇಣಿಯ ಪಡುವಣ ಮೈಯಲ್ಲಿ ಬಿದ್ದ ಹನಿ ಹೆಬ್ಬೆಯ ಜಲಪಾತದಂತಹ ಹಳ್ಳಕೊಳ್ಳಗಳ ಮೂಲಕ ಭದ್ರೆಯನ್ನು ಸೇರುತ್ತದೆ. ಮೂಡಣ ಮೈಯಲ್ಲಿ ಬಿದ್ದ ಹನಿ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯನ್ನು ತುಂಬಿ, ವೇದಾವತಿಯಾಗಿ ಕಡೂರಿನ ಬಯಲನ್ನು ಹಾಯ್ದು, ಹಿರಿಯೂರಿನ ಬಳಿ 1907ರಲ್ಲಿ ಮುಗಿದ ವಾಣೀವಿಲಾಸಸಾಗರವನ್ನು ಸೇರಿ ಅಲ್ಲಿಂದ ಮುಂದುವರಿಯುತ್ತದೆ. ಬೆನ್ನು ತಿರುಗಿಸಿಕೊಂಡು ಹೊರಟ ಈ ಎರಡು ಹನಿಗಳೂ ಕೊನೆಗೆ ತುಂಗಭದ್ರೆಯಲ್ಲಿ ಒಂದಾಗುತ್ತವೆ. ಮಳೆ ಕಡಮೆಯಾದ ಚಿತ್ರದುರ್ಗದ ಸೀಮೆಯ ಒಕ್ಕಲಿಗನ ಹೊಲಕ್ಕೂ ಈ ನೆತ್ತಿಯ ಹುಲ್ಲಿಗೂ ಎಂಥ ಸಂಬಂಧ! ಬೆಟ್ಟದ ಹುಲ್ಲನ್ನು ತುಳಿದು ಕೆಡಿಸುವವನು ತಾನು ಕಾಣದ ಯಾರದೋ ಬಾವಿಯನ್ನು ಬತ್ತಿಸುತ್ತಾನೆ.

ಕೆಮ್ಮಣ್ಣುಗುಂಡಿಯಿಂದ ಬೆಟ್ಟದ ಬೆನ್ನಿನ ಮೇಲೆಯೇ ಬಾಬಾಬುಡನ್ ಗಿರಿಗೆ ಒಂದು ಒರಟು ದಾರಿಯುಂಟು. ಅಲ್ಲಿಯ ಗುಹೆಯೂ ಇಕ್ಕಟ್ಟಾದದ್ದೇ. ಮುರಕಲ್ಲಿನ ಆ ಗುಹೆಯನ್ನು ಹಿಂದೂಗಳು ದತ್ತಾತ್ರೇಯ ಪೀಠವೆಂದೂ, ಮುಸಲ್ಮಾನರು ದಾದಾ ಹಯಾತ್ ಕಲಂದರರ ಸ್ಥಾನವೆಂದೂ ನಂಬಿ ನಡೆದುಕೊಂಡು ಬಂದಿದ್ದಾರೆ. 17ನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಫಕೀರರು ಅರಬರ ದೇಶದಿಂದ ಏಳು ಕಾಫಿಯ ಬೀಜಗಳನ್ನು ತಂದು ಈ ಬೆಟ್ಟದಲ್ಲಿ ನೆಟ್ಟರೆಂದು ಐತಿಹ್ಯ. ಇಂದು ಬೆಳಗಾದರೆ ನಮ್ಮ ಮನೆಮನೆಗಳಲ್ಲಿ ಕಾಯುವ ಕಾಫಿಯ ಪಾತ್ರೆಗೆ ಮೂಲ ಆ ಏಳು ಬೀಜ! ಗುಹೆಯೊಳಗೆ ನೆಟ್ಟಗೆ ನಿಂತು ನಡೆಯಲಾಗದು. ಬಡವನಿರಲಿ ಬಲ್ಲಿದನಿರಲಿ, ಯಾವ ದೇವರ ಹೆಸರನ್ನೇ ಹಿಡಿದು ಬಂದವನಿರಲಿ, ತಲೆಯನ್ನು ಬಾಗಿಸಲೇಬೇಕು. ಆ ಬಂಡೆಯನ್ನು ಒಡೆದು ಎತ್ತರಮಾಡಿದರೆ ನಡೆಯುವುದೇನೋ ಸುಲಭವಾದೀತು. ತಲೆ ಬಾಗುವುದು ತಪ್ಪೀತು.

ಈಗ ಮೊದಲ ಪ್ರಶ್ನೆಗೆ ಬರೋಣ. ಬೆಟ್ಟದಲ್ಲಿ ದಾರಿ ಬೇಡವೆಂದು ಯಾರೂ ಹೇಳಲಾರರು. ನಮ್ಮವರು ಬಂಡೆಯನ್ನು ಕೊರೆದು ಮಾಡಿದ ದೊಡ್ಡ ಕೆಲಸಗಳೂ ಇವೆ. ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಕಡೆಗೆ ಹೋಗುವಾಗ ಹುಲಿಕೆರೆಯ ಸುರಂಗದಲ್ಲಿ ಸುಮಾರು ಒಂದೂಮುಕ್ಕಾಲು ಮೈಲಿ ನೆಲದೊಳಗೇ ಹರಿಯುತ್ತದೆ. 1979ರಲ್ಲಿ ತೆರೆದ ಹಾಸನ ಮಂಗಳೂರು ರೈಲುದಾರಿ ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವಲ್ಲಿ 57 ಸುರಂಗಗಳನ್ನು ಹೊಕ್ಕು ಹೊರಡುತ್ತದೆ. ಆ ರೈಲಿನಲ್ಲಿ ಕುಳಿತವರಿಗೆ ಕತ್ತಲೆ, ಬೆಳಕು, ಕಾಡು, ಮತ್ತೆ ಕತ್ತಲೆ. ಮಕ್ಕಳು ಎಣಿಸುತ್ತ ಕುಳಿತರೆ ಲೆಕ್ಕ ತಪ್ಪುವುದೇ ಹೆಚ್ಚು. ಗಟ್ಟಿಯಾದ ಬಂಡೆಯಲ್ಲಿ ಇಕ್ಕಟ್ಟಾಗಿ ಕೊರೆದ ಸುರಂಗಕ್ಕೆ ಬಂಡೆಯೇ ಕಮಾನಾಗಿ ನಿಲ್ಲುತ್ತದೆ. ಮೇಲಿನ ಕಾಡು ಇದ್ದಂತೆಯೇ ಇರುತ್ತದೆ. ಕೊರೆಯುವುದು ಅಗಲವಾದಷ್ಟೂ ಆ ಕಮಾನಿನ ಮೇಲೆ ಭಾರ ಹೆಚ್ಚು.

ಬೆಟ್ಟದ ಪಕ್ಕೆಯಲ್ಲಿ ಕಡಿದ ರಸ್ತೆಯ ಸಂಗತಿಯೂ ಹೀಗೆಯೇ. ಇಳಿಜಾರಿನ ಮಣ್ಣು ನಿಂತಿರುವುದು ತನ್ನ ಬುಡದ ಆಸರೆಯಿಂದ. ರಸ್ತೆಯನ್ನು ಒಂದು ಮಾರು ಅಗಲಿಸಬೇಕಾದರೆ ಆ ಬುಡವನ್ನೇ ಕತ್ತರಿಸಬೇಕು. ಮೇಲೆ ಗೋಡೆಯಂತೆ ನೆಟ್ಟಗಾದ ಮಣ್ಣು ಉಳಿಯುತ್ತದೆ. ಬೇಸಗೆಯಲ್ಲಿ ಅದು ಗಟ್ಟಿಯಾಗಿಯೇ ಕಾಣುತ್ತದೆ. ಆಷಾಢದ ಮಳೆ ಹಿಡಿದು ನೀರು ಒಳಗಿಳಿದಾಗ ಮಣ್ಣಿನ ಭಾರ ಹೆಚ್ಚಿ, ಹಿಡಿತ ಸಡಿಲಿ, ಒಂದೇ ಗಳಿಗೆಯಲ್ಲಿ ಕೆಳಗಿಳಿಯುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಇದೇ ಜಿಲ್ಲೆಯ ಚಾರ್ಮಾಡಿ ಘಾಟಿ ಹೀಗೆ ಕುಸಿದು ಬಹುದಿನ ಸಂಚಾರ ನಿಂತಿತ್ತು. 2024ರ ಜುಲೈ 16ರಂದು ಉತ್ತರ ಕನ್ನಡದ ಅಂಕೋಲೆಯ ಬಳಿ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಜಾರಿಬಿದ್ದು, ದಾರಿಬದಿಯ ಚಹದಂಗಡಿಯವರೂ ಹಾದುಹೋಗುತ್ತಿದ್ದವರೂ ಮಣ್ಣಿನ ಪಾಲಾದರು. ಅಗಲವಾದ ದಾರಿಯಲ್ಲಿ ಉಳಿದ ನಾಲ್ಕು ನಿಮಿಷಗಳಿಗೆ ಕೆಲವು ಮನೆಗಳು ತೆತ್ತ ಬೆಲೆ ಅದು.

ಇನ್ನೂ ಒಂದು ಮಾತುಂಟು. ಘಾಟಿಯ ಕೆಳಗಿನ ಕಾಡುಗಳು ಭದ್ರಾ ಅಭಯಾರಣ್ಯಕ್ಕೆ ಸೇರಿದವು. 1998ರಲ್ಲಿ ಅದು ಹುಲಿಗಳ ರಕ್ಷಿತಾರಣ್ಯವಾಯಿತು. ದಾರಿ ಅಗಲವಾದರೆ ಗಾಡಿಗಳು ಹೆಚ್ಚು ಬರುತ್ತವೆ, ವೇಗವಾಗಿ ಬರುತ್ತವೆ, ಹಗಲು ಸಾಲದೆ ರಾತ್ರಿಯೂ ಬರುತ್ತವೆ. ಚಿಕ್ಕಮಗಳೂರಿನ ಕಡೆಯಿಂದ ಮುಳ್ಳಯ್ಯನಗಿರಿಯನ್ನು ಏರುವ ಗಾಡಿಗಳ ನೂಕುನುಗ್ಗಲು ತಡೆಯಲಾರದೆ, 2025ರಲ್ಲಿ ಅಲ್ಲಿಗೆ ಹೋಗಲು ಮೊದಲೇ ಹೆಸರು ನೋಂದಾಯಿಸಿಕೊಳ್ಳಬೇಕೆಂಬ ಏರ್ಪಾಡು ಮಾಡಬೇಕಾಯಿತು. ದಾರಿಯನ್ನು ಹಿಗ್ಗಿಸಿದರೂ ಬೆಟ್ಟದ ನೆತ್ತಿಯನ್ನು ಹಿಗ್ಗಿಸಲಾದೀತೆ? ಕೆಮ್ಮಣ್ಣುಗುಂಡಿಯಲ್ಲಿ ಕಾವಲುಗಾರನ ಆ ಕೆಲಸವನ್ನು ಇಕ್ಕಟ್ಟಾದ ದಾರಿಯೇ ಸಂಬಳವಿಲ್ಲದೆ ಮಾಡುತ್ತಿದೆ.

ಹಾಗೆಂದು ದಾರಿಯನ್ನು ಹಾಳುಬಿಡಬೇಕೆಂದು ಅರ್ಥವಲ್ಲ. ಗುಂಡಿಗಳನ್ನು ಮುಚ್ಚಬೇಕು, ಕಣಿವೆಯ ಕಡೆ ತಡೆಗೋಡೆ ಗಟ್ಟಿಯಾಗಿರಬೇಕು, ಮಳೆನೀರು ರಸ್ತೆಯ ಮೇಲೆ ಹರಿಯದಂತೆ ಚರಂಡಿಗಳನ್ನು ತೆರವಾಗಿಡಬೇಕು, ಬೆಟ್ಟ ತಾನಾಗಿ ಜಾಗ ಕೊಟ್ಟ ಕಡೆ ಗಾಡಿಗಳು ಸರಿದು ನಿಲ್ಲಲು ಅನುಕೂಲವಿರಬೇಕು. ಮೇಲಿರುವ ಕೆಲಸಗಾರರಲ್ಲಿ ಯಾರಿಗಾದರೂ ಕಾಯಿಲೆಯಾದರೆ ಬೇಗ ಕೆಳಗೆ ತರಲು ಇಷ್ಟು ಅವಶ್ಯ. ಇವೆಲ್ಲ ಬೆಟ್ಟವನ್ನು ಕಡಿಯದೆ ಮಾಡಬಹುದಾದ ಕೆಲಸಗಳು.

ಹೋಗಬಯಸುವ ಸಂಸಾರವಂದಿಗರಿಗೆ ಕೆಲವು ಸೂಚನೆಗಳು. ಅಕ್ಟೋಬರಿನಿಂದ ಮಾರ್ಚಿಯವರೆಗೆ ಒಳ್ಳೆಯ ಕಾಲ. ಜೋರುಮಳೆಯ ದಿನಗಳಲ್ಲಿ ಹೋಗದಿರುವುದು ಕ್ಷೇಮ. ತಂಗುವ ಕೋಣೆಗಳನ್ನು ಮುಂಚಿತವಾಗಿ ಗೊತ್ತುಮಾಡಿಕೊಳ್ಳಬೇಕು. ಕತ್ತಲಾಗುವ ಮೊದಲೇ ಘಾಟಿಯನ್ನು ಹತ್ತಿಬಿಡಬೇಕು. ಹೆಬ್ಬೆಯ ಜಲಪಾತಕ್ಕೂ ಬಾಬಾಬುಡನ್ ಗಿರಿಯ ಒರಟು ದಾರಿಗೂ ಹೊರಡುವ ಮುನ್ನ ಅರಣ್ಯದವರನ್ನು ವಿಚಾರಿಸಬೇಕು. ವಯಸ್ಸಾದವರಿಗೂ ಮಕ್ಕಳಿಗೂ ಬೆಚ್ಚನೆಯ ಬಟ್ಟೆ, ಎಲ್ಲರಿಗೂ ಜಾರದ ಮೆಟ್ಟು ಇರಲಿ. ಬುತ್ತಿಯನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಹೋಗಿ, ಡಬ್ಬಿಯನ್ನು ಹಾಗೆಯೇ ಮನೆಗೆ ತನ್ನಿರಿ. ಪ್ಲಾಸ್ಟಿಕ್ಕಿನ ಚೀಲವೊಂದನ್ನು ಬಿಟ್ಟುಬಂದರೂ ಅದು ಝರಿಯೊಡನೆ ಇಳಿದು ಎಲ್ಲಿಗೆ ಸೇರುವುದೆಂಬುದನ್ನು ಮೇಲೆ ಹೇಳಿದೆ.

ನಮ್ಮ ಹಿರಿಯರು ಕಲ್ಲತ್ತಿಗಿರಿಯಲ್ಲಿ ಬಂಡೆಯ ಸಂದಿಗೆ ಹೊಂದಿಕೊಂಡು ಗುಡಿ ಕಟ್ಟಿದರು. ದೇವರಿಗೆ ಜಾಗ ಸಾಲಲಿಲ್ಲವೆಂದು ಯಾರೂ ಹೇಳಲಿಲ್ಲ. ಘಾಟಿಯಲ್ಲಿ ಎದುರಾದ ಗಾಡಿಗಾಗಿ ಐದು ನಿಮಿಷ ನಿಲ್ಲಬೇಕಾದವರು ಇದನ್ನು ನೆನೆದುಕೊಂಡರೆ ಬೇಸರವಾಗಲಾರದು. ಆ ಐದು ನಿಮಿಷದಲ್ಲಿ ಗಾಜನ್ನಿಳಿಸಿ ಕಿವಿಗೊಡಲಿ. ಬಂಡೆಯ ಸಂದಿನಲ್ಲಿ ನೀರು ಜಿನುಗುವ ಸದ್ದು ಕೇಳುತ್ತದೆ.